ಹೆಬ್ಬೆರಳು ಅಲುಗಿದ ಶುಕ್ರವಾರ

ನಾನು ಕೆಲಸ ಮಾಡುತ್ತಿದ್ದ ಕಾಲೇಜಿಗೆ ಅಮೆರಿಕನ್ ಫುಟ್‌ಬಾಲ್ ಬಂದದ್ದು ಒಂದು ಹಾಳಾದ ಮೊಣಕಾಲಿನ ದೆಸೆಯಿಂದ. ಇದು ೨೦೧೦ರ ದಶಕದ ನಡುಭಾಗದ ಮಾತು. ದುಬೈಯ ಆ ಕಾಲೇಜಿನಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಅದಕ್ಕೆ ಮುಂಚೆ ಅದೇ ಊರಿನ ಕರಾಮಾ ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಅಂಗಡಿಯವರ, ಡ್ರೈವರುಗಳ ಸೊಂಟನೋವು ನೋಡಿ ನೋಡಿ ನನ್ನದೇ ಸೊಂಟ ಬಿದ್ದುಹೋಗುವ ಹಾಗಾಗಿತ್ತು. ಕಾಲೇಜಿನ ಕೆಲಸ ಸಿಕ್ಕಾಗ ಇನ್ನು ಆರಾಮ ಅಂದುಕೊಂಡೆ. ಕ್ರಿಕೆಟ್ ಆಡುವಾಗ ಬೆರಳು ಉಳುಕಿಸಿಕೊಂಡ ಹುಡುಗರು, ಕುತ್ತಿಗೆ ಹಿಡಿದುಕೊಂಡ ಮೇಷ್ಟ್ರುಗಳು, ಅಷ್ಟೇ ತಾನೆ.

ಸಿವಿಲ್ ವಿಭಾಗದಲ್ಲಿ ಕಾಂಕ್ರೀಟ್ ಪಾಠ ಮಾಡುತ್ತಿದ್ದ ಅಮೆರಿಕದ ಮೇಷ್ಟ್ರೊಬ್ಬರು ವಾರಕ್ಕೊಮ್ಮೆ ನನ್ನಲ್ಲಿಗೆ ಬರುತ್ತಿದ್ದರು. ಎಲುಬಿನ ಹಂದರಕ್ಕೆ ಅಂಗಿ ತೊಡಿಸಿದಂತಿದ್ದ ಉದ್ದನೆಯ ಮನುಷ್ಯ. ಎಳೆ ವಯಸ್ಸಿನಲ್ಲಿ ತಮ್ಮ ದೇಶದ ಆ ಆಟ ಆಡಿ ಬಲಗಾಲಿನ ಮಂಡಿ ಕೆಡಿಸಿಕೊಂಡವರು. ನಾನು ಮಂಡಿ ಮಡಚಿ ಬಿಡಿಸುತ್ತಿರುವಾಗ ಅವರು ನೋವಿನಿಂದ ಹಲ್ಲು ಕಚ್ಚಿಕೊಂಡೇ ಆ ಆಟದ ಕಥೆ ಹೇಳುವರು. ಇಷ್ಟು ನೋವು ಕೊಟ್ಟ ಆಟವನ್ನು ಹೀಗೆ ಹೊಗಳುತ್ತಾರಲ್ಲ ಎಂದು ನನಗೆ ಸೋಜಿಗ. ಒಂದು ದಿನ ಮೇಜಿನ ಮೇಲೆ ಮಲಗಿದ್ದವರು ಎದ್ದು ಕೂತು, "ಪ್ರಿನ್ಸಿಪಾಲರು ಒಪ್ಪಿದರು. ತಂಡ ಕಟ್ಟುತ್ತಿದ್ದೇನೆ. ಮೈದಾನದ ಬದಿಯಲ್ಲಿ ನೀವಿರಬೇಕು" ಅಂದರು. ನನಗೆ ಆಟದ ತಲೆಬುಡ ಗೊತ್ತಿಲ್ಲ ಎಂದೆ. "ಆಟ ನನಗೆ ಗೊತ್ತು, ಮೈ ನಿಮಗೆ ಗೊತ್ತು. ಸಾಕು" ಎಂದರು. ಅಂದಿನಿಂದ ಅವರು ನಮಗೆಲ್ಲ ಬರೀ ಕೋಚ್.

ಮೊದಲ ಪಜೀತಿ ಸಾಮಾನಿನದು. ಹೆಲ್ಮೆಟ್ಟುಗಳು, ಹೆಗಲಿಗೆ ಕಟ್ಟುವ ದಪ್ಪ ಪ್ಯಾಡುಗಳು ಹಡಗಿನಲ್ಲಿ ಬಂದು ಜೆಬೆಲ್ ಅಲಿ ಬಂದರಿನ ಕಸ್ಟಮ್ಸಿನಲ್ಲಿ ಕೂತವು. ನನ್ನ ಗಂಡ ಅಲ್ಲಿಯೇ ಕ್ಲಿಯರಿಂಗ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಪೆಟ್ಟಿಗೆ ಬಿಚ್ಚಿ ನೋಡಿದವರೇ ನನಗೆ ಫೋನ್ ಮಾಡಿ, ಅರ್ಧ ತುಳುವಿನಲ್ಲಿ, "ಉಂದು ದಾದ ಮಾರಾಯ್ತಿ? ಇದೆಂತ ಆಟದ ಸಾಮಾನಾ, ಲಡಾಯಿಯದ್ದಾ? ಇಲ್ಲಿನ ಆಫೀಸರ್ ನನ್ನ ಮುಖ ನೋಡ್ತಿದ್ದಾನೆ" ಎಂದು ಕೇಳಿದರು. ಕೊನೆಗೆ ಕೋಚೇ ಹೋಗಿ, ಆಫೀಸರನ ಎದುರು ಹೆಲ್ಮೆಟ್ ತೊಟ್ಟು, ನೆಲಕ್ಕೆ ಕೈಯೂರಿ ಬಗ್ಗಿ ನಿಂತು ಆಟ ತೋರಿಸಿದರಂತೆ. ಆಫೀಸರ್ ನಕ್ಕು, "ಖಲಾಸ್, ಯಲ್ಲಾ, ತಗೊಂಡು ಹೋಗಿ" ಅಂದನಂತೆ.

ಕಾಲೇಜಿನ ಸಾಕರ್ ಮೈದಾನದಲ್ಲೇ ಅಭ್ಯಾಸ. ಹಳೇ ಗೆರೆಗಳ ಮೇಲೆ ಹೊಸ ಗೆರೆ ಬಳಿದದ್ದರಿಂದ ನೋಡಿದವರಿಗೆ ತಲೆ ತಿರುಗುವ ಹಾಗಿತ್ತು. ಗೋಲಿನ ಕಂಬಗಳಿಗೆ ಪ್ಲಾಸ್ಟಿಕ್ ಪೈಪು ಕಟ್ಟಿ ಎತ್ತರ ಮಾಡಿದ್ದರು. ಗಾಳಿ ಬಂದರೆ ಅವು ತೊನೆಯುತ್ತಿದ್ದವು. ಆಟಗಾರರೋ, ಸುಡಾನಿನವರು, ಜೋರ್ಡಾನಿನವರು, ನೈಜೀರಿಯಾದವರು, ಇಲ್ಲಿಯವರೇ ಆದ ಎಮಿರಾತಿ ಹುಡುಗರು, ನಮ್ಮವರು, ಪಾಕಿಸ್ತಾನದವರು. ಬಹುಪಾಲು ಮಂದಿ ಈ ಆಟವನ್ನು ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ನಾಯಕ ಆರ್ಕಿಟೆಕ್ಚರ್ ಓದುತ್ತಿದ್ದ ಸುಡಾನಿನ ಹುಡುಗ, ಮಿತಭಾಷಿ. ಚೆಂಡನ್ನು ಮುಂದಕ್ಕೆಸೆಯುವ ಕೆಲಸ ಅವನದು.

ಆಟದ ತಿರುಳು ನನಗೆ ಅರ್ಥವಾದದ್ದು ನಿಧಾನಕ್ಕೆ. ಚೆಂಡು ಕೈಯಲ್ಲಿದ್ದವರು ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹಾಗೆ ಗಜ ಗಜವಾಗಿ ಸರಿದು ಎದುರಿನವರ ಕೊನೆಯ ಗೆರೆ ದಾಟಿಸಬೇಕು. ಎದುರಿನವರು ಸುಮ್ಮನೆ ಬಿಡುತ್ತಾರೆಯೇ? ಹಾರಿ ಬಿದ್ದು ಕೆಡವುತ್ತಾರೆ. ಕಬಡ್ಡಿಯಲ್ಲಿ ಕಾಲು ಹಿಡಿದು ಎಳೆಯುವುದನ್ನು ನೋಡಿ ಬೆಳೆದ ನನಗೆ ಅದೇನೂ ಹೊಸದಲ್ಲ. ಆದರೆ ಇಲ್ಲಿ ಓಡಿಬಂದು ಗುದ್ದುವ ರಭಸ ಇತ್ತಲ್ಲ, ಅದರ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ನಾಯಕನಿಗೆ ಚೆಂಡು ಕೊಡುವ ಹುಡುಗ ನಮ್ಮ ಕಡೆಯವನು. ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವುದು, ಆಮೇಲೆ ಎದುರಿನವನಿಗೆ ಅಡ್ಡ ನಿಂತು ನಾಯಕನನ್ನು ಕಾಯುವುದು. ಅಬುಧಾಬಿಯಲ್ಲಿ ಹುಟ್ಟಿದ ಕುಂದಾಪುರದ ಹುಡುಗ. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದಂಥ ಮೈಕಟ್ಟು, ಮಗುವಿನಂಥ ಮುಖ. ನಾನು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲೇ ಉತ್ತರ ಕೊಡುವನು. ಆದರೂ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು.

ಅವನ ತಾಯಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕೊಂದರಲ್ಲಿ ನರ್ಸ್. ತಂದೆ ಹಡಗಿನಲ್ಲಿ ಇಂಜಿನಿಯರ್. ವರ್ಷದಲ್ಲಿ ಅರ್ಧ ಕಾಲ ಸಮುದ್ರದ ಮೇಲೆ. ಸೀಸನ್ ಶುರುವಾಗುವ ಮುಂಚೆ ಆಕೆ ಎಲ್ಲಿಂದಲೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು.

"ಅಕ್ಕಾ, ನೀವ್ ಉಡುಪಿ ಬದಿಯವ್ರಂಬ್ರಲೆ? ನಮ್ಮ ಮಾಣಿ ಎಂತದೋ ಆಟಕ್ಕೆ ಸೇರ್ಕಂಡಿದ್ದ. ಹೆಲ್ಮೆಟ್ ಹಾಯ್ಕಂಡ್ ಫೋಟೋ ಕಳ್ಸಿದ್ದ. ಅದ್ ಕಂಡ್ರೆ ಆಟ ಅಂದೇಳಿ ಕಾಂತಿಲ್ಲೆ, ಯುದ್ಧಕ್ಕೆ ಹೊರಟಂಗಿತ್."

"ಹೆದರಬೇಡಿ ಮಾರಾಯ್ರೆ," ಅಂದೆ. "ಅದೆಲ್ಲ ಪೆಟ್ಟಾಗಬಾರದು ಅಂತ ಹಾಕುದು. ಕೋಚ್ ಭಾರೀ ಜಾಗ್ರತೆಯ ಮನುಷ್ಯ."

"ನೀವಿದ್ರಲೆ ಅಲ್ಲಿ? ಸ್ವಲ್ಪ ಕಂಡ್ಕಣಿ ಅಕ್ಕ."

ನೋಡಿಕೊಳ್ತೇನೆ ಅಂದೆ. ಆ ಹೊತ್ತಿಗೆ ಅದೊಂದು ಸಾಧಾರಣ ಮಾತು. ಪರದೇಶದಲ್ಲಿ ಊರಿನವರು ಸಿಕ್ಕಾಗ ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು.

ಕೋಚ್ ಜಾಗ್ರತೆಯ ಮನುಷ್ಯ ಎಂದದ್ದು ಮಾತ್ರ ಸುಳ್ಳಲ್ಲ. ಮ್ಯಾಚಿನ ದಿನ ಗೇಟಿನ ಹತ್ತಿರ ಆಂಬುಲೆನ್ಸ್ ನಿಲ್ಲದೆ ಅವರು ಆಟ ಶುರುಮಾಡಲು ಒಪ್ಪುತ್ತಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಹುಡುಗರು ಹೋಗುತ್ತಲೇ ತಾವೇ ಹೆಲ್ಮೆಟ್ ತೊಟ್ಟು ಹುಲ್ಲಿನ ಮೇಲೆ ಅಂಗಾತ ಮಲಗಿಬಿಡುವರು. "ನನಗೆ ಕುತ್ತಿಗೆಗೆ ಪೆಟ್ಟಾಗಿದೆ. ಈಗ ನೀವೇನು ಮಾಡುತ್ತೀರಿ?" ನಾನು ತಲೆಯ ಹಿಂದೆ ಮೊಣಕಾಲೂರಿ, ಎರಡೂ ಕೈಗಳಿಂದ ಹೆಲ್ಮೆಟ್ಟನ್ನು ಅಲುಗದಂತೆ ಹಿಡಿಯಬೇಕು. "ಹೆಲ್ಮೆಟ್ ತೆಗೆಯಬೇಡಿ. ಪ್ಯಾಡ್ ತೆಗೆಯಬೇಡಿ. ಯಾರು ಕೂಗಾಡಿದರೂ ತೆಗೆಯಬೇಡಿ. ಅವೆರಡೂ ಸೇರಿ ಕುತ್ತಿಗೆಯನ್ನು ನೇರ ಇಟ್ಟಿರುತ್ತವೆ." ಮುಖದ ಮುಂದಿನ ಕಂಬಿಯ ಜಾಲರಿಯನ್ನು ಮಾತ್ರ ಸ್ಕ್ರೂ ಬಿಚ್ಚಿ ತೆಗೆಯಬಹುದಿತ್ತು, ಉಸಿರಾಟಕ್ಕೆ. ಅದನ್ನೂ ಕಲಿಸಿದರು. ಅವರ ಕಾಲೇಜು ದಿನಗಳಲ್ಲಿ ಗೆಳೆಯನೊಬ್ಬ ಹೀಗೆ ಬಿದ್ದಾಗ ನಾಲ್ಕು ಜನ ಸೇರಿ ಕೈಕಾಲು ಹಿಡಿದು ಎತ್ತಿಕೊಂಡು ಹೋದರಂತೆ. ಅಷ್ಟು ಹೇಳಿ ಮತ್ತೆ ಹುಲ್ಲಿನ ಮೇಲೆ ಮಲಗಿ, "ಇನ್ನೊಮ್ಮೆ" ಎಂದರು.

ಚಳಿಗಾಲ ಬಂತು. ಆಟ ಶುರುವಾಯಿತು. ಆ ಪ್ರಾಂತದಲ್ಲಿ ಈ ಆಟ ಆಡುತ್ತಿದ್ದ ತಂಡಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲೆಲ್ಲ ನಮ್ಮದೇ ಎಳೆಯ ತಂಡ. ಮೊದಲ ಮ್ಯಾಚಿನಲ್ಲಿ ಒಂದೂ ಪಾಯಿಂಟ್ ಬರಲಿಲ್ಲ. ಎರಡನೆಯದರಲ್ಲಿ ನಮ್ಮ ಹುಡುಗನೊಬ್ಬ ಚೆಂಡು ಹಿಡಿದು ಭರ್ಜರಿಯಾಗಿ ಓಡಿದ. ಓಡಿದ್ದು ಮಾತ್ರ ನಮ್ಮದೇ ಗೆರೆಯ ಕಡೆಗೆ. ಕೋಚ್ ತಲೆಯ ಮೇಲೆ ಕೈಹೊತ್ತು ಕೂತರು, ಆಮೇಲೆ ನಗಲು ಶುರುಮಾಡಿದರು, ಅವರನ್ನು ನೋಡಿ ಎಲ್ಲರೂ ನಕ್ಕರು. ಸೋತರೂ ಬಸ್ಸಿನಲ್ಲಿ ಹಾಡು ಕುಣಿತ. ನನಗೆ ಸೋಲು ಗೆಲುವಿನ ಚಿಂತೆಯಿರಲಿಲ್ಲ. ಕೊನೆಯ ಸೀಟಿ ಊದಿದಾಗ ಎಲ್ಲರೂ ತಮ್ಮ ಕಾಲ ಮೇಲೆ ನಡೆದು ಬಂದರೆ ಆ ದಿನದ ಮಟ್ಟಿಗೆ ನಾನು ಗೆದ್ದ ಹಾಗೆ.

ಅಬುಧಾಬಿಯ ಕಾಲೇಜಿನ ಮೇಲೆ ಮ್ಯಾಚ್ ಇದ್ದದ್ದು ಒಂದು ಶುಕ್ರವಾರ ಮಧ್ಯಾಹ್ನ, ಅವರದೇ ಮೈದಾನದಲ್ಲಿ. ಹುಡುಗನ ತಾಯಿಗೆ ಅಂದು ಡ್ಯೂಟಿ ಇತ್ತು. ಡ್ಯೂಟಿ ಮುಗಿಸಿ, ಆಟ ಮುಗಿಯುವುದರೊಳಗೆ ಬರುತ್ತೇನೆ ಎಂದು ಹೇಳಿದ್ದರು. ಹವೆ ಚೆನ್ನಾಗಿತ್ತು, ಸಮುದ್ರದ ಕಡೆಯಿಂದ ತಣ್ಣನೆ ಗಾಳಿ. ನಮ್ಮ ಹುಡುಗರು ಅಂದು ಎಂದಿಗಿಂತ ಒಳ್ಳೆಯದಾಗಿ ಆಡುತ್ತಿದ್ದರು. ನಾಯಕ ದೂರಕ್ಕೆಸೆದ ಚೆಂಡನ್ನು ಎದುರಾಳಿ ತಂಡದ ಎಮಿರಾತಿ ಹುಡುಗನೊಬ್ಬ ಹಾರಿ ಹಿಡಿದುಬಿಟ್ಟ. ಹಿಡಿದವನೇ ನಮ್ಮ ಕಡೆಗೆ ಓಡತೊಡಗಿದ. ಆಗ ಅವನನ್ನು ತಡೆಯುವ ಕೆಲಸ ಯಾರು ಹತ್ತಿರವಿದ್ದಾರೋ ಅವರದು. ಹತ್ತಿರವಿದ್ದವನು ನಮ್ಮ ಕುಂದಾಪುರದ ಹುಡುಗ. ಅಡ್ಡ ನಿಂತು ಗೊತ್ತಿದ್ದವನೇ ಹೊರತು ಓಡುವವನನ್ನು ಕೆಡವಿ ಗೊತ್ತಿದ್ದವನಲ್ಲ. ತಲೆ ತಗ್ಗಿಸಿ ನುಗ್ಗಿದ.

ಇಬ್ಬರೂ ಬಿದ್ದರು. ಎಮಿರಾತಿ ಹುಡುಗ ಎದ್ದು ನಿಂತ. ನಮ್ಮವನು ಏಳಲಿಲ್ಲ.

ನಾನು ಓಡಿದ್ದು ನನಗೆ ನೆನಪಿಲ್ಲ. ಅವನ ತಲೆಯ ಹಿಂದೆ ಮೊಣಕಾಲೂರಿ ಹೆಲ್ಮೆಟ್ ಹಿಡಿದದ್ದು ನೆನಪಿದೆ. ಅಂಗಾತ ಬಿದ್ದಿದ್ದ. ಜಾಲರಿಯೊಳಗಿಂದ ಕಣ್ಣು ನನ್ನನ್ನೇ ನೋಡುತ್ತಿತ್ತು. ಕಣ್ಣಿನಲ್ಲಿ ಎಚ್ಚರವಿತ್ತು, ಮಾತೂ ಸ್ಪಷ್ಟವಿತ್ತು.

"ಆಂಟಿ, ಐ ಕಾಂಟ್ ಫೀಲ್ ಮೈ ಹ್ಯಾಂಡ್ಸ್."

"ಮಾತಾಡಬೇಡ ಮಗಾ. ತಲೆ ಅಲುಗಿಸಬೇಡ. ಕಾಲು ಗೊತ್ತಾಗ್ತದಾ?"

"ನೋ."

ಸುತ್ತ ಜನ ಸೇರಿದರು. ಯಾರೋ ಹೆಲ್ಮೆಟ್ ತೆಗೆಯಿರಿ, ಗಾಳಿ ಬಿಡಿ ಎಂದರು. ಯಾರೋ ನೀರಿನ ಬಾಟಲಿ ಹಿಡಿದು ಬಂದರು. ಕೋಚ್ ಕುಂಟುತ್ತಾ ಬಂದವರೇ ಎರಡೂ ಕೈ ಅಗಲಿಸಿ ಎಲ್ಲರನ್ನೂ ಹಿಂದಕ್ಕೆ ನೂಕಿದರು. ಆಮೇಲೆ ನನ್ನ ಎದುರು ಕೂತು ಒಂದೊಂದೇ ಸ್ಕ್ರೂ ಬಿಚ್ಚಿ ಜಾಲರಿ ತೆಗೆದರು. ಆಂಬುಲೆನ್ಸಿನವರು ಬಂದು ಹಲಗೆಗೆ ಬಿಗಿದು ಎತ್ತುವವರೆಗೂ ನಾನು ಕೈ ಸಡಿಲಿಸಲಿಲ್ಲ. ಅಷ್ಟು ಹೊತ್ತೂ ಹುಡುಗನ ಜೊತೆ ಏನೇನೋ ಮಾತಾಡಿದೆ. ಮನೆಯಲ್ಲಿ ಇವತ್ತು ಎಂತ ಅಡುಗೆ, ಅಪ್ಪನ ಹಡಗು ಈಗ ಎಲ್ಲಿ, ಹೀಗೆ. ಅವನು ಉತ್ತರ ಕೊಡುತ್ತಲೇ ಇದ್ದ. ಒಮ್ಮೆ ಮಾತ್ರ, ಸಣ್ಣ ದನಿಯಲ್ಲಿ, ಅಪರೂಪಕ್ಕೆ ಕನ್ನಡದಲ್ಲಿ ಅಂದ: "ಅಮ್ಮಂಗೆ ಹೇಳ್ಬೇಡಿ."

ಹೇಳದಿರಲು ಸಾಧ್ಯವೇ? ಆಂಬುಲೆನ್ಸ್ ಹತ್ತುವ ಮುಂಚೆ ಫೋನ್ ಮಾಡಿದೆ. "ಮೈದಾನಕ್ಕೆ ಬರಬೇಡಿ. ಸೀದಾ ಆಸ್ಪತ್ರೆಗೆ ಬನ್ನಿ. ಎಚ್ಚರ ಉಂಟು, ಮಾತಾಡ್ತಾ ಇದ್ದಾನೆ. ಬಿದ್ದದ್ದು" ಎಂದು ಶುರುಮಾಡಿದೆ.

"ಕುತ್ಗಿಯಾ?" ಎಂದು ಆಕೆಯೇ ಕೇಳಿದರು.

"ಹೌದು."

ಫೋನ್ ಕಟ್ಟಾಯಿತು.

ನರ್ಸ್ ಆದವರಿಗೆ ಇಂಥ ಹೊತ್ತಿನಲ್ಲಿ ಏನೂ ಮುಚ್ಚಿಡುವ ಹಾಗಿಲ್ಲ. ಬೇರೆ ತಾಯಂದಿರಾದರೆ ಎಚ್ಚರ ಇದೆ, ಮಾತಾಡುತ್ತಾನೆ ಅಂದರೆ ಅಷ್ಟಕ್ಕೇ ಜೀವ ಹಿಡಿದುಕೊಂಡು ಬರುತ್ತಿದ್ದರು. ಈಕೆಗೆ ಟ್ಯಾಕ್ಸಿಯಲ್ಲಿ ಕೂತಷ್ಟು ಹೊತ್ತೂ ಕಣ್ಣ ಮುಂದೆ ಏನೇನು ಬಂದಿರಬೇಕು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಂಬುಲೆನ್ಸಿನಲ್ಲಿ ಹುಡುಗ ಇದ್ದಕ್ಕಿದ್ದ ಹಾಗೆ ಕೈ ಉರಿಯುತ್ತಿದೆ ಎಂದ. ಬೆಂಕಿಗೆ ಹಿಡಿದ ಹಾಗೆ, ಎರಡೂ ಕೈ. ನನಗೆ ಆ ಉರಿ ಅಮೃತದಂತೆ ಕೇಳಿಸಿತು. ಉರಿ ಎಂದರೆ ಏನೋ ಹರಿಯುತ್ತಿದೆ, ನರದ ತಂತಿ ಪೂರ್ತಿ ಕಡಿದಿಲ್ಲ. ಆದರೆ ಆಸೆ ಹುಟ್ಟಿಸುವ ಮಾತು ಆಡಲು ಹೆದರಿಕೆ. "ಉರಿಯಲಿ ಮಗಾ, ಉರಿಯಲಿ" ಅಂದೆ ಅಷ್ಟೆ. ನನಗೆ ಹುಚ್ಚು ಹಿಡಿದಿದೆ ಎಂದು ಅವನು ಅಂದುಕೊಂಡಿರಬೇಕು.

ಎಮರ್ಜೆನ್ಸಿಯಲ್ಲಿ ಡಾಕ್ಟರುಗಳು ಹೆಲ್ಮೆಟ್, ಪ್ಯಾಡು ಎಲ್ಲ ಕ್ರಮದಲ್ಲಿ ತೆಗೆದು, ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿ ಮಲಗಿಸಿದ್ದರು. ಸ್ಕ್ಯಾನಿಗೆ ಕರೆದೊಯ್ಯುವುದಿತ್ತು. ಅಷ್ಟರಲ್ಲಿ ತಾಯಿ ಬಂದರು. ನಾನು ಅವರನ್ನು ಮುಖತಃ ಕಂಡದ್ದೇ ಆಗ. ಕ್ಲಿನಿಕ್ಕಿನ ನೀಲಿ ಯೂನಿಫಾರ್ಮಿನಲ್ಲೇ ಇದ್ದರು, ಕುಳ್ಳಗಿನ ಮೈ, ತಲೆಗೂದಲು ಬಿಗಿಯಾಗಿ ಕಟ್ಟಿದ್ದರು. ನನ್ನನ್ನು ನೋಡಲಿಲ್ಲ. ಮಗನ ಮುಖದ ಹತ್ತಿರವೂ ಹೋಗಲಿಲ್ಲ. ಸೀದಾ ಮಂಚದ ಕಾಲಿನ ಕಡೆಗೆ ಹೋಗಿ ಹೊದಿಕೆ ಸರಿಸಿ, ಮಣ್ಣು ಮೆತ್ತಿದ ಅವನ ಸಾಕ್ಸ್ ಎಳೆದು ತೆಗೆದು, ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದರು.

"ಮಗಾ. ನಾನ್ ಯಾವ್ ಬೆರ್ಳ್ ಹಿಡ್ಕಂಡಿದೆ, ಹೇಳ್?"

ಅವನಿಗೆ ಕತ್ತು ಎತ್ತಿ ನೋಡುವ ಹಾಗಿರಲಿಲ್ಲ. ಚಾವಣಿ ನೋಡುತ್ತಾ ಯೋಚಿಸಿದ.

"ಬಿಗ್ ಟೋ," ಅಂದ. "ಲೆಫ್ಟ್. ಅಮ್ಮಾ, ಯುವರ್ ನೇಲ್! ಇಟ್ ಹರ್ಟ್ಸ್!"

"ಅಲ್ಗ್‌ಸ್ ಕಾಂಬ."

ಹೆಬ್ಬೆರಳು ಅಲುಗಿತು. ತುಸುವೇ. ನಿದ್ದೆಯಲ್ಲಿರುವ ಮಗು ಬೆರಳು ಆಡಿಸಿದಷ್ಟು.

ಆಕೆ ಆ ಕಾಲನ್ನು ಎರಡೂ ಕೈಗಳಲ್ಲಿ ಹಿಡಿದು, ಅಂಗಾಲಿಗೆ ಹಣೆ ಇಟ್ಟು ಹಾಗೇ ಬಗ್ಗಿ ನಿಂತುಬಿಟ್ಟರು. ಅತ್ತರೋ ಇಲ್ಲವೋ ನನಗೆ ಕಾಣಲಿಲ್ಲ. "ಅಮ್ಮಾ, ಇಟ್ ಸ್ಟಿಂಕ್ಸ್," ಎಂದು ಮಗ ನಾಚಿಕೊಂಡು ಹೇಳುತ್ತಿದ್ದ.

ನಾನು ಹೊರಗೆ ಬಂದೆ. ಕಾರಿಡಾರಿನ ಬೆಂಚಿನ ಮೇಲೆ ಕೋಚ್ ಕೂತಿದ್ದರು. ಆಟವನ್ನು ಅಲ್ಲಿಗೇ ನಿಲ್ಲಿಸಿ, ಹುಡುಗರನ್ನು ಬಸ್ಸಿಗೆ ಹತ್ತಿಸಿ ಬಂದಿದ್ದರು. ಪ್ಯಾಂಟಿನ ಮಂಡಿಯ ಮೇಲೆ ಹುಲ್ಲಿನ ಕಲೆ. ನನ್ನನ್ನು ಕಂಡು ಎದ್ದು ನಿಂತರು. "ಕಾಲು ಅಲುಗಿತು," ಅಂದೆ. ಅವರು ಮತ್ತೆ ಕೂತರು. ತಲೆಯ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ನಾನೂ ಪಕ್ಕದಲ್ಲಿ ಕೂತೆ. ಆಗಲೇ ನನಗೆ ಗೊತ್ತಾದದ್ದು, ನನ್ನ ಎರಡೂ ಕೈಗಳ ಬೆರಳುಗಳು ಹೆಲ್ಮೆಟ್ ಹಿಡಿದ ಆಕಾರದಲ್ಲೇ ಸೆಟೆದುಕೊಂಡಿದ್ದವು. ಒಂದೊಂದಾಗಿ ನೀವಿ ಬಿಡಿಸಿಕೊಂಡೆ.

ಮರುದಿನ ನಾನು ಮತ್ತೆ ಅಬುಧಾಬಿಗೆ ಹೋದೆ. ಗಂಡನೇ ಕಾರು ಓಡಿಸಿದರು. ಹೋಗುವಷ್ಟರಲ್ಲಿ ಹುಡುಗ ಎರಡೂ ಕೈ ಎತ್ತುತ್ತಿದ್ದ, ಕಾಲು ಮಡಚುತ್ತಿದ್ದ. ಡಾಕ್ಟರು ಬಂದು ವಿವರಿಸಿದರು: ಎಲುಬು ಮುರಿದಿಲ್ಲ. ಒಳಗಿನ ಬಳ್ಳಿ, ಅಂದರೆ ಬೆನ್ನುಹುರಿ, ಒಂದು ಗಳಿಗೆ ಜಜ್ಜಿದಂತಾಗಿ ಕೆಲಸ ನಿಲ್ಲಿಸಿತ್ತು, ಈಗ ಸರಿಯಾಗುತ್ತಿದೆ, ಪೂರ್ತಿ ಸರಿಯಾಗುತ್ತದೆ. ಆದರೆ ಇವನ ಕುತ್ತಿಗೆಯಲ್ಲಿ ಆ ಬಳ್ಳಿ ಇಳಿಯುವ ದಾರಿ ಹುಟ್ಟಿನಿಂದಲೇ ಇಕ್ಕಟ್ಟು. ಓಡಲಿ, ಈಜಲಿ, ಏನಾದರೂ ಮಾಡಲಿ. ಈ ಆಟ ಮಾತ್ರ ಇನ್ನೆಂದೂ ಕೂಡದು.

ಡಾಕ್ಟರು ಹೋದ ಮೇಲೆ ಹುಡುಗ ಗೋಡೆಯ ಕಡೆ ನೋಡುತ್ತಿದ್ದ. ಆಟ ಕೈತಪ್ಪಿದ ದುಃಖ ಎಂದುಕೊಂಡು, "ಹೋಗಲಿ ಮಗಾ, ಜೀವ ದೊಡ್ಡದು," ಎಂದೆ.

ಅವನು ಕೇಳಿಸಿಕೊಂಡು, ತಾಯಿ ನೀರು ತರಲು ಹೊರಗೆ ಹೋದ ಹೊತ್ತು ನೋಡಿ, ಮೆಲ್ಲಗೆ ಹೇಳಿದ. ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಪ್ರತಿ ಮ್ಯಾಚಿನ ದಿನ ಬಸ್ಸು ಹತ್ತಿದ ಕೂಡಲೇ ಅವನಿಗೆ ಇಳಿದು ಓಡಿಹೋಗುವ ಆಸೆಯಾಗುತ್ತಿತ್ತು. ಬಿಟ್ಟುಬಿಡೋಣ ಎಂದರೆ ಇಷ್ಟು ದೊಡ್ಡ ಮೈಯವನು ಹೆದರಿದ ಎಂದು ಎಲ್ಲರೂ ನಗುತ್ತಾರೆ ಅನ್ನಿಸುತ್ತಿತ್ತು. ಈಗ ಡಾಕ್ಟರೇ ಬೇಡವೆಂದರಲ್ಲ. "ಐ ಆಮ್ ಸೋ ಹ್ಯಾಪಿ, ಆಂಟಿ. ಈಸ್ ದಟ್ ಬ್ಯಾಡ್?"

"ಎಂತ ಬ್ಯಾಡ್? ನನಗೂ ಅಷ್ಟೇ ಹ್ಯಾಪಿ," ಅಂದೆ. ಇಬ್ಬರೂ ನಕ್ಕೆವು. ತಾಯಿ ಒಳಗೆ ಬಂದು, ಎಂತಕೆ ನಗ್ತ್ರಿ ಎಂದು ಕೇಳಿದಾಗ ಇಬ್ಬರೂ ಹೇಳಲಿಲ್ಲ.

ಅಂದು ಮಧ್ಯಾಹ್ನ ಬಾಗಿಲು ಸದ್ದಾಯಿತು. ಬಿಳಿ ಕಂದೂರ ನಿಲುವಂಗಿ ತೊಟ್ಟ ಎಮಿರಾತಿ ಹುಡುಗ, ಅವನ ಹಿಂದೆ ಅವನ ತಂದೆ. ತಂದೆಯ ಕೈಯಲ್ಲಿ ಖರ್ಜೂರದ ಪೆಟ್ಟಿಗೆ. ಹುಡುಗ ಯಾರೆಂದು ನನಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಹೆಲ್ಮೆಟ್ ಇಲ್ಲದೆ ಅವನನ್ನು ನೋಡಿರಲೇ ಇಲ್ಲ. ನಿನ್ನೆ ಚೆಂಡು ಹಿಡಿದು ಓಡಿದವನು. ಒಳಗೆ ಬರದೆ ಬಾಗಿಲಲ್ಲೇ ನಿಂತ. ಕಣ್ಣು ಕೆಂಪಾಗಿತ್ತು. ಮಂಚದ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ತಂದೆ ಮುರುಕು ಹಿಂದಿಯಲ್ಲಿ ಹೇಳಿದರು: ನಿನ್ನೆಯಿಂದ ಊಟ ಮಾಡಿಲ್ಲ, ನಾನು ಒಬ್ಬ ಹುಡುಗನನ್ನು ಹಾಳುಮಾಡಿದೆ ಅನ್ನುತ್ತಿದ್ದಾನೆ.

ನಾನು ತಾಯಿಯ ಮುಖ ನೋಡಿದೆ. ಮಗನನ್ನು ಈ ಸ್ಥಿತಿಗೆ ತಂದವನು ಎಂದು ಒಂದು ಮಾತು ಆಡಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆಕೆ ಎದ್ದು ಹೋಗಿ ಆ ಹುಡುಗನ ತೋಳು ಹಿಡಿದರು. "ಆವೋ ಬೇಟಾ. ಮಾಫಿ ಮುಷ್ಕಿಲ್. ದೇಖೋ, ಸಬ್ ಠೀಕ್ ಹೈ," ಎಂದು ಹಿಂದಿ, ಅರಬ್ಬಿ ಬೆರೆಸಿ ಏನೂ ತೊಂದರೆಯಿಲ್ಲ ಅನ್ನುತ್ತಾ ಎಳೆದುಕೊಂಡೇ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಮಗನ ಕಡೆ ತಿರುಗಿ, "ಕೈ ಕೊಡ್ ಅವ್ನಿಗೆ. ಗಟ್ಟಿ ಹಿಡಿ. ನಿಂಗೆ ಎಂತದೂ ಆಯ್ಲ ಅಂದೇಳಿ ಗೊತ್ತಾಯ್ಕ್," ಅಂದರು.

ನಮ್ಮ ಹುಡುಗ ಕೈ ಚಾಚಿದ. ಅದೆಷ್ಟು ಗಟ್ಟಿ ಹಿಡಿದನೋ, ಆ ಹುಡುಗ "ಆಹ್" ಎಂದು ಕೈ ಕೊಡವಿಕೊಂಡ. ಮೊದಲು ನಕ್ಕದ್ದು ತಂದೆ. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಆ ಹುಡುಗ ನಗುತ್ತಿದ್ದವನು ಇದ್ದಕ್ಕಿದ್ದಂತೆ ಅಳತೊಡಗಿದ. ತಾಯಿ ಖರ್ಜೂರದ ಪೆಟ್ಟಿಗೆ ಬಿಚ್ಚಿ ಒಂದನ್ನು ಅವನ ಬಾಯಿಗೇ ಇಟ್ಟರು. ಆವತ್ತು ಅವನು ಪೆಟ್ಟಿಗೆಯಲ್ಲಿ ಅರ್ಧ ತಿಂದು ಮುಗಿಸಿದ.

ದುಬೈಗೆ ಮರಳಿದ ಮೇಲೆ ತಂಡ ಇರುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಪ್ರಿನ್ಸಿಪಾಲರು ನಿರ್ಧಾರವನ್ನು ಕೋಚ್‌ಗೆ ಬಿಟ್ಟರು. ಕೋಚ್ ಹುಡುಗರನ್ನು ಹುಲ್ಲಿನ ಮೇಲೆ ಕೂರಿಸಿ, "ಬಿಡುವವರು ಈಗಲೇ ಬಿಡಿ. ಯಾರೂ ನಗುವುದಿಲ್ಲ. ನಕ್ಕವನನ್ನು ನಾನೇ ಕಳಿಸುತ್ತೇನೆ" ಎಂದರು. ಇಬ್ಬರು ಎದ್ದರು. ಕೋಚ್ ಇಬ್ಬರ ಕೈಯನ್ನೂ ಕುಲುಕಿದರು. ಉಳಿದವರಿಗೆ ಆಮೇಲೆ ಬೇರೇನನ್ನೂ ಕಲಿಸಲಿಲ್ಲ. ಬರೀ ಕೆಡವುವುದು ಹೇಗೆ, ಬೀಳುವುದು ಹೇಗೆ. ತಲೆ ಎತ್ತಿ, ಕಣ್ಣು ತೆರೆದು, ಎದೆ ಕೊಟ್ಟು. ತಲೆ ತಗ್ಗಿಸಿದವನು ಮೈದಾನಕ್ಕೆ ಒಂದು ಸುತ್ತು. ಸಂಜೆಯೆಲ್ಲ ಸುತ್ತು ಹಾಕಿಸಿದರು. ಕುಂಟುತ್ತಾ ತಾವೂ ಹಿಂದಿನಿಂದ ಓಡಿದರು. ವಾರದ ಕೊನೆಗೆ ಅವರ ಮಂಡಿ ನನ್ನ ಮೇಜಿನ ಮೇಲೆ.

ಕೊನೆಯ ಮ್ಯಾಚ್ ನಮ್ಮದೇ ಮೈದಾನದಲ್ಲಿ, ಅಲ್ ಐನ್‌ನಿಂದ ಬಂದ ತಂಡದ ಮೇಲೆ. ಕುಂದಾಪುರದ ಹುಡುಗ ಕುತ್ತಿಗೆಗೆ ಮೆತ್ತನೆಯ ಪಟ್ಟಿ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದ. ಅವನ ತಾಯಿ ರಜೆ ಹಾಕಿ ಬಂದಿದ್ದರು. ಆಟ ಶುರುವಾದಾಗ ಆಕೆ ಮೈದಾನಕ್ಕೆ ಬೆನ್ನು ಹಾಕಿ ಕೂತರು. ಗುದ್ದಿದ ಸದ್ದು ಕೇಳಿದಾಗೆಲ್ಲ ನನ್ನನ್ನು ಕೇಳುವರು: "ಎದ್ರಾ ಅಕ್ಕ?"

"ಎದ್ದರು."

"ಇಬ್ರೂ?"

"ಇಬ್ಬರೂ."

ಕೊನೆಕೊನೆಗೆ ಅವರೂ ಈ ಕಡೆ ತಿರುಗಿ ಕೂತಿದ್ದರು. ಅವರ ಮಗ ಬೆಂಚಿನಿಂದಲೇ ತನ್ನ ಜಾಗದಲ್ಲಿ ಆಡುತ್ತಿದ್ದವನಿಗೆ ಏನೇನೋ ಕೂಗಿ ಹೇಳುತ್ತಿದ್ದ. ನಾವು ಗೆದ್ದ ಗಳಿಗೆಯನ್ನು ನಾನು ನೋಡಲಿಲ್ಲ. ಜೋರ್ಡಾನಿನ ಹುಡುಗನೊಬ್ಬನ ಉಳುಕಿದ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದೆ. ಒಮ್ಮೆಲೇ ಗದ್ದಲ. ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದವನು ನನ್ನ ಕೈಯಿಂದ ಕಾಲು ಕಿತ್ತುಕೊಂಡು ಒಂಟಿಗಾಲಲ್ಲಿ ಕುಪ್ಪಳಿಸುತ್ತಾ ಓಡಿದ. ಬಿಚ್ಚಿದ ಪಟ್ಟಿ ಹಿಂದೆ ಬಾಲದ ಹಾಗೆ ಎಳೆದುಕೊಂಡು ಹೋಯಿತು. ನಾಯಕ ಎಸೆದ ಚೆಂಡನ್ನು ಯಾರೋ ಗೆರೆಯಾಚೆ ಹಿಡಿದಿದ್ದ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದರು. ನಾನು ಆ ರಾಶಿ ಕರಗುವುದನ್ನೇ ಕಾದೆ. ಒಬ್ಬೊಬ್ಬರಾಗಿ ಎದ್ದರು. ಕೊನೆಯವನೂ ಹುಲ್ಲು ಕೊಡವಿಕೊಂಡು ಎದ್ದು ನಿಂತ. ಆಗ ನಾನೂ ಚಪ್ಪಾಳೆ ತಟ್ಟಿದೆ. ಇಡೀ ಸೀಸನ್ನಿನಲ್ಲಿ ನಾವು ಗೆದ್ದದ್ದು ಆ ಒಂದೇ ಮ್ಯಾಚ್.

ಮಾರನೆಯ ದಿನ ಹೊತ್ತು ನೆತ್ತಿಗೆ ಬರುವವರೆಗೂ ಮಲಗಿದ್ದೆ. ಎಬ್ಬಿಸಬೇಡ ಎಂದು ಗಂಡ ನಮ್ಮ ಮಗಳಿಗೆ ಹೇಳಿದ್ದರಂತೆ. ಅಷ್ಟು ಗಾಢವಾಗಿ ತಿಂಗಳುಗಟ್ಟಲೆಯಿಂದ ನಿದ್ದೆ ಬಂದಿರಲಿಲ್ಲ ಎಂಬುದು ನನಗೆ ಗೊತ್ತಾದದ್ದೂ ಎದ್ದ ಮೇಲೆಯೇ.

ಬೇಸಿಗೆ ಶುರುವಾಗುತ್ತಿದ್ದ ದಿನಗಳ ಒಂದು ಸಂಜೆ, ನಾನು ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಹುಡುಗನ ತಾಯಿಯ ಫೋನ್ ಬಂತು. ಪುನಃ ಕೈ ಉರಿಯೋ, ಕಾಲು ಜೋಮೋ ಎಂದು ಒದ್ದೆ ಕೈಯಲ್ಲೇ ಎತ್ತಿಕೊಂಡೆ.

"ಎಂತ ಆಯ್ತು?" ಅಂದೆ.

"ಎಂತ ಆಪುದ್ ಅಕ್ಕಾ! ಈ ಮಾಣಿ ಮ್ಯಾಥ್ಸಗ್ ಫೇಲ್ ಆಯ್ದ! ಕುತ್ಗಿ ನೋವ್ ಅಂದೇಳಿ ಎರಡ್ ತಿಂಗ್ಳ್ ನಾನ್ ಎಂತ ಹೇಳದೇ ಬಿಟ್ರೆ, ಮೊಬೈಲ್ ಹಿಡ್ಕಂಡ್ ಕೂಕಂಡದ್ದೇ ಸೈ. ಅಪ್ಪ ಹಡ್ಗಿಂದ ಫೋನ್ ಮಾಡಿ ಕೇಣ್ತಿದ್ರ್, ನಾನ್ ಎಂತ ಹೇಳುದ್? ಇವತ್ತ್ ಬೈದ್ರೆ ನಂಗೇ ತಿರ್ಗಿ ಮಾತಾಡ್ತ!"

ಹಿಂದಿನಿಂದ ಹುಡುಗ "ಅಮ್ಮಾ, ಸ್ಟಾಪ್ ಟೆಲ್ಲಿಂಗ್ ಎವ್ರಿಬಡಿ!" ಎಂದು ಕೂಗುವುದು ಕೇಳಿಸಿತು. ಆಕೆ ಅವನಿಗೂ ಬೈದು, ನನಗೂ ದೂರು ಹೇಳಿ, ಮತ್ತೆ ಅವನಿಗೆ ಬೈದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕದ ಕಟ್ಟೆಗೆ ಒರಗಿಸಿಟ್ಟೆ. ಬೆಂಡೆಕಾಯಿ ಹೆಚ್ಚುತ್ತಾ, ನಡುನಡುವೆ "ಹೌದಾ", "ಅಯ್ಯೋ" ಎನ್ನುತ್ತಾ, ಅವರ ಬೈಗುಳ ಮುಗಿಯುವವರೆಗೂ ಕೇಳುತ್ತಾ ನಿಂತೆ.